ನಾಮಾಪಹರಣ ಮತ್ತು ನಾಮದೀಕ್ಷೆ

ವೀರಶೈವ ಪರಂಪರೆಯಲ್ಲಿ ಹೆಸರೆಂಬುದು ಕೇವಲ ಲೋಕವ್ಯವಹಾರದ ಸಂಕೇತವಲ್ಲ. ದೀಕ್ಷಾಕಾಲದಲ್ಲಿ ಗುರುವು ಶಿಷ್ಯನ ಪೂರ್ವಾಶ್ರಯವನ್ನು ನಿರಸನಗೊಳಿಸುವನೆಂಬುದು ಶಾಸ್ತ್ರದ ಮಾತು. ಪಟ್ಟಾಧಿಕಾರ ಹೊಂದಿದವರು ಹೆತ್ತವರಿಟ್ಟ ಹೆಸರನ್ನು ತ್ಯಜಿಸಿ ಗುರುದತ್ತವಾದ ಹೆಸರನ್ನು ಧರಿಸುವುದು ಇಂದಿಗೂ ನಡೆದುಬಂದಿರುವ ಸಂಪ್ರದಾಯ. ಹಳೆಯ ಹೆಸರು ಅಳಿಯುವುದನ್ನೇ ಒಂದು ಪುನರ್ಜನ್ಮವೆಂದು ಬಗೆದ ಇಂತಹ ಪರಂಪರೆಯಲ್ಲಿ ಬೆಳೆದ ಸಹೃದಯನ ಮುಂದೆ, ಹೆಸರನ್ನು ಕಳೆದುಕೊಳ್ಳುವುದೇ ಪರಮನಷ್ಟವೆಂದು ಸಾರುವ ಕೃತಿಯೊಂದು ಬಂದು ನಿಂತರೆ ಅವನು ಅದನ್ನು ಹೇಗೆ ಸ್ವೀಕರಿಸಬೇಕು? ಜಪಾನಿನ ಹಯಾವೊ ಮಿಯಾಝಾಕಿಯವರು 2001ರಲ್ಲಿ ನಿರ್ದೇಶಿಸಿದ, 2002ರ ಬರ್ಲಿನ್ ಚಿತ್ರೋತ್ಸವದ ಸ್ವರ್ಣಕರಡಿಯನ್ನೂ 2003ರಲ್ಲಿ ಆಸ್ಕರ್ ಪ್ರಶಸ್ತಿಯನ್ನೂ ಪಡೆದ ‘ಸ್ಪಿರಿಟೆಡ್ ಅವೇ’ ಎಂಬ ಅನಿಮೇಷನ್ ಚಿತ್ರ ಈ ಪ್ರಶ್ನೆಯನ್ನು ಎತ್ತುತ್ತದೆ. ಮಕ್ಕಳ ಚಿತ್ರವೆಂದು ಹಲವರು ಅದನ್ನು ಬದಿಗಿಡುವುದುಂಟು. ಮಕ್ಕಳಿಗೆ ಹೇಳಿದ ಕತೆಯಲ್ಲಿ ದೊಡ್ಡವರ ಧರ್ಮಸಂಕಟ ಅಡಗಿರುವುದು ಜನಪದ ಬಲ್ಲ ನಾಡಿಗೆ ಹೊಸತೇನಲ್ಲ.

ಕಥೆ ಸರಳ. ಚಿಹಿರೊ ಎಂಬ ಹತ್ತು ವರ್ಷದ ಬಾಲಿಕೆ ತಂದೆತಾಯಿಗಳೊಡನೆ ಹೊಸ ಊರಿಗೆ ಹೊರಟಿದ್ದಾಳೆ. ದಾರಿ ತಪ್ಪಿ, ಸುರಂಗವೊಂದನ್ನು ದಾಟಿ, ಅವರು ದೇವತೆಗಳ ಲೋಕವನ್ನು ಹೊಗುತ್ತಾರೆ. ತಮಗಾಗಿ ಇಟ್ಟಿರದ ಆಹಾರವನ್ನು ಕಂಡಾಬಟ್ಟೆ ತಿಂದ ತಂದೆತಾಯಿಗಳು ಹಂದಿಗಳಾಗುತ್ತಾರೆ. ಅಲ್ಲಿಯದೊಂದು ಮಹಾ ಮಜ್ಜನಶಾಲೆ. ದಣಿದ ದೇವತೆಗಳು ಬಂದು ಮಿಂದು ಹೋಗುವ ತಾಣ. ಅದರ ಒಡತಿ ಯುಬಾಬಾ ಎಂಬ ಮಾಟಗಾತಿ. ಕೆಲಸ ಕೇಳಿ ಬಂದವರಿಗೆ ಕೆಲಸ ಕೊಡಲೇಬೇಕೆಂಬ ಪ್ರತಿಜ್ಞೆಗೆ ಕಟ್ಟುಬಿದ್ದವಳು ಅವಳು. ಆದರೆ ಕೊಡುವ ಕೆಲಸಕ್ಕೆ ಪ್ರತಿಯಾಗಿ ಅವಳು ಕಸಿದುಕೊಳ್ಳುವುದು ಬಂದವರ ಹೆಸರನ್ನು. ಬಾಲಿಕೆ ಕರಾರುಪತ್ರದ ಮೇಲೆ ತನ್ನ ಹೆಸರನ್ನು ಬರೆದೊಡನೆ ಯುಬಾಬಾ ಕೈಯಾಡಿಸುತ್ತಾಳೆ. ಕಾಗದದಿಂದ ಅಕ್ಷರಗಳು ಎದ್ದು ಅವಳ ಅಂಗೈ ಸೇರುತ್ತವೆ. ಉಳಿಯುವುದು ಒಂದೇ ಅಕ್ಷರ. ಅಂದಿನಿಂದ ಅವಳು ‘ಸೆನ್’.

ಈ ಒಂದು ದೃಶ್ಯದಲ್ಲಿ ಅಡಗಿರುವ ಭಾಷಾಸೂಕ್ಷ್ಮ ಪರಭಾಷಿಕರಿಗೆ ಸುಲಭವಾಗಿ ಕಾಣದು. ‘ಚಿಹಿರೊ’ ಎಂಬುದನ್ನು ಜಪಾನೀಯರು ಎರಡು ಚಿತ್ರಾಕ್ಷರಗಳಲ್ಲಿ ಬರೆಯುತ್ತಾರೆ. ಮೊದಲನೆಯದಕ್ಕೆ ಸಾವಿರವೆಂದು ಅರ್ಥ. ಎರಡನೆಯದು ನೀರಿನ ಆಳವನ್ನು ಅಳೆಯುವ ಮಾರು, ಅದಕ್ಕೇ ಅರಸುವುದು ಎಂಬ ಅರ್ಥವೂ ಉಂಟು. ಸಾವಿರ ಮಾರು ಆಳವುಳ್ಳವಳು ಎಂಬಂತಹ ಹೆಸರಿನಿಂದ ಆಳವನ್ನು ಕಿತ್ತುಹಾಕಿದ ಮೇಲೆ ಉಳಿದದ್ದು ಬರಿಯ ಸಾವಿರ, ಒಂದು ಅಂಕಿ. ಅಷ್ಟೇ ಅಲ್ಲ, ಜೊತೆಯ ಅಕ್ಷರ ಹೋದೊಡನೆ ಉಳಿದ ಅಕ್ಷರದ ಉಚ್ಚಾರವೂ ಬದಲಾಗುತ್ತದೆ. ದೇಶ್ಯ ರೀತಿಯಲ್ಲಿ ‘ಚಿ’ ಎಂದು ಓದುತ್ತಿದ್ದುದನ್ನು ಚೀನಾದಿಂದ ಬಂದ ರೀತಿಯಲ್ಲಿ ‘ಸೆನ್’ ಎಂದು ಓದಬೇಕಾಗುತ್ತದೆ. ಕನ್ನಡದಲ್ಲಿ ‘ಸಾವಿರ’ ಎಂಬ ತದ್ಭವವನ್ನು ಅಳಿಸಿ ‘ಸಹಸ್ರ’ ಎಂಬ ತತ್ಸಮವನ್ನು ಕುಳ್ಳಿರಿಸಿದಂತೆ ಎನ್ನಬಹುದು. ಬರೆಹ ಅದೇ, ದನಿ ಬೇರೆ. ಮನೆಯವರು ಕೂಗಿದ ದನಿ ಅಲ್ಲಿಂದ ಮರೆಯಾಯಿತು.

ಹೆಸರಿನ ಬಾಲವನ್ನು ಕತ್ತರಿಸಿ ಆಳಾಗಿಸಿಕೊಳ್ಳುವ ಈ ವಿದ್ಯೆ ಕನ್ನಡನಾಡಿನ ಹಳ್ಳಿಗಳಿಗೆ ಅಪರಿಚಿತವೇ? ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ, ಬೊಪ್ಪೇಗೌಡನಪುರ, ಹಲಗೂರುಗಳ ಸೀಮೆಯಲ್ಲಿ ಸಿದ್ದಯ್ಯ, ರಾಚಯ್ಯ, ಮಾದಯ್ಯ ಎಂಬ ಹೆಸರುಗಳು ಮನೆಮನೆಗೂ ಉಂಟು. ಜೀತದ ಕಾಲದಲ್ಲಿ ಒಡೆಯನ ಹಟ್ಟಿಯೊಳಗೆ ಕಾಲಿಟ್ಟ ಸಿದ್ದಯ್ಯ ‘ಸಿದ್ದ’ನಾಗುತ್ತಿದ್ದ, ರಾಚಯ್ಯ ‘ರಾಚ’ನಾಗುತ್ತಿದ್ದ. ಕಳೆದುಹೋಗುತ್ತಿದ್ದುದು ‘ಅಯ್ಯ’ ಎಂಬ ಎರಡಕ್ಷರ ಮಾತ್ರ. ಆದರೆ ಮನುಷ್ಯನ ಮಾನವೆಲ್ಲ ಆ ಎರಡಕ್ಷರಗಳಲ್ಲಿಯೇ ಇತ್ತು. 1976ರ ಶಾಸನದಿಂದ ಜೀತಪದ್ಧತಿ ರದ್ದಾಯಿತು. ಕಾಗದ ಹರಿಯಿತು, ನಾಲಿಗೆಯ ರೂಢಿ ಅಷ್ಟು ಬೇಗ ಹರಿಯಲಿಲ್ಲ. ಹನ್ನೆರಡನೆಯ ಶತಮಾನದ ಶರಣರು ಮಾಡಿದ ಕೆಲಸದ ಹಿರಿಮೆ ಈ ಹಿನ್ನೆಲೆಯಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ: ಇಲ್ಲಿ ಕಾಯಕವೂ ಉಳಿದಿದೆ, ಅದರ ಮೇಲೆ ‘ಅಯ್ಯ’ನೂ ಬಂದಿದ್ದಾನೆ. ಯುಬಾಬಾ ಕೆಲಸ ಕೊಟ್ಟು ಹೆಸರನ್ನು ಕಸಿದಳು. ಶರಣರು ಕೆಲಸವನ್ನೇ ಹೆಸರಿನ ಮುಂದಿರಿಸಿ ಅದನ್ನು ಬೆಳಗಿದರು. ಚೌಡಯ್ಯನಂತೂ ಇತರರಂತೆ ಇಷ್ಟದೈವದ ಹೆಸರನ್ನು ವಚನದ ಅಂಕಿತವಾಗಿ ಬಳಸದೆ ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡ ನಿರ್ಭೀತ.

ಇಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಪೂರ್ವಾಶ್ರಯ ನಿರಸನವೆಂದರೆ ಹಿಂದಿನದನ್ನು ಮರೆಮಾಚುವುದೆಂದು ಕೆಲವರು ತಿಳಿದಿದ್ದಾರೆ. ಹಾಗಿದ್ದಲ್ಲಿ ಶರಣರ ಹೆಸರುಗಳಲ್ಲಿ ಮಾದಾರನೂ ಡೋಹರನೂ ಉಳಿಯಬೇಕಾಗಿರಲಿಲ್ಲ. ನಿರಸನಗೊಂಡದ್ದು ಆ ಮಾತುಗಳಿಗೆ ಅಂಟಿದ್ದ ಹೀನಭಾವ. ಕಳ್ಳನಾಗಿದ್ದ ಪೆದ್ದಣ್ಣ ಉರಿಲಿಂಗದೇವನ ಶಿಷ್ಯನಾಗಿ ಉರಿಲಿಂಗಪೆದ್ದಿಯಾದನೆಂಬ ಐತಿಹ್ಯದಲ್ಲಿಯೂ ಹಳೆಯ ‘ಪೆದ್ದಿ’ ಗುರುವಿನ ಹೆಸರಿಗೆ ಅಂಟಿಕೊಂಡು ನಿಂತಿದೆ. ಗುರುವು ಹೆಸರನ್ನು ಕೊಟ್ಟನೇ ಹೊರತು ಕೀಳಲಿಲ್ಲ. ಸೊನ್ನಲಿಗೆಯ ಸಿದ್ಧರಾಮನ ಕಥೆಯಲ್ಲಿ ಹೆತ್ತವರು ಮನೆದೇವರ ಹೆಸರನ್ನು ಹಿಡಿದು ಮಗುವನ್ನು ಧೂಳಿಮಾಕಾಳನೆಂದು ಕರೆದರು; ಆದರೂ ಅದು ಸಿದ್ಧರಾಮನಾಗಿಯೇ ಬೆಳೆಯಿತು. ಮಲ್ಲಯ್ಯನನ್ನು ಅರಸುತ್ತ ಶ್ರೀಶೈಲದ ದಾರಿ ಹಿಡಿದ ಆ ಬಾಲಕ ಚಿಹಿರೊಳಂತೆಯೇ ಮನೆಯನ್ನು ದಾಟಿ ದೇವತೆಗಳ ಎಲ್ಲೆಯನ್ನು ಹೊಕ್ಕವನು.

ಆದರೆ ಈ ಚಿತ್ರಕ್ಕೆ ಅತಿ ಸಮೀಪದ ಪ್ರತಿಕಥೆಯಿರುವುದು ಶಿಷ್ಟ ಪುರಾಣಗಳಲ್ಲಿ ಅಲ್ಲ. ಪೂರಿಗಾಲಿಯ ಸುತ್ತಣ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಇರುಳಿಡೀ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ. ಮಂಟೇಸ್ವಾಮಿಯ ಗದ್ದುಗೆಯಿರುವ ಬೊಪ್ಪೇಗೌಡನಪುರ ಪೂರಿಗಾಲಿಗೆ ನೆರೆಯದು. ಶಿಷ್ಯ ಸಿದ್ದಪ್ಪಾಜಿಯ ಗದ್ದುಗೆ ಹೊಳೆಯಾಚೆಯ ಚಿಕ್ಕಲ್ಲೂರಿನಲ್ಲಿದೆ. ಬನದ ಹುಣ್ಣಿಮೆಯಂದು ಅಲ್ಲಿ ಚಂದ್ರಮಂಡಲ ಹೊತ್ತಿ ಐದು ದಿನಗಳ ಜಾತ್ರೆ ಆರಂಭವಾಗುತ್ತದೆ. ಈ ಸಿದ್ದಪ್ಪಾಜಿ ಹುಟ್ಟಿನಿಂದ ಸಿದ್ದಪ್ಪಾಜಿಯಲ್ಲ. ಇಂದಿನ ಮದ್ದೂರು ತಾಲ್ಲೂಕಿಗೆ ಸೇರಿದ ನಿಡಘಟ್ಟದ ಪಾಂಚಾಳರ ಮನೆಯ ಹುಡುಗ, ಕೆಂಪಾಚಾರಿ. ‘ಆಚಾರಿ’ ಎಂಬಲ್ಲಿಯೇ ಕುಲವೂ ಕುಲುಮೆಯೂ ಇವೆ. ಮಂಟೇಸ್ವಾಮಿ ಈ ಹುಡುಗನನ್ನು ಶಿಶುಮಗನಾಗಿ ಬೇಡುತ್ತಾನೆ. ಹೆತ್ತವರು ಒಪ್ಪುವುದಿಲ್ಲ. ಗುರುವು ಬಿಡುವುದಿಲ್ಲ, ಮನೆಗೆ ಸಂಕಷ್ಟ ಬರುತ್ತದೆ, ಹುಡುಗ ಗುರುವಿನ ವಶವಾಗುತ್ತಾನೆ, ಕಠೋರವಾದ ಪರೀಕ್ಷೆಗಳ ನಂತರ ಸಿದ್ದಪ್ಪಾಜಿಯಾಗುತ್ತಾನೆ. ಪಾಠಗಳಲ್ಲಿ ವಿವರಗಳು ಬೇರೆಬೇರೆಯಾದರೂ ಈ ಮೂಲಸೂತ್ರ ಎಲ್ಲ ಹಾಡುಗಾರರಲ್ಲಿಯೂ ಒಂದೇ.

ಮಿಯಾಝಾಕಿಯವರ ಚಿತ್ರದ ಜಪಾನೀ ಶೀರ್ಷಿಕೆಯಲ್ಲಿ ‘ಕಮಿಕಕುಶಿ’ ಎಂಬ ಮಾತಿದೆ. ದೇವರು ಮರೆಮಾಡುವುದು ಎಂದು ಅದರ ಅರ್ಥ; ಮಗು ಇದ್ದಕ್ಕಿದ್ದಂತೆ ಕಾಣೆಯಾದರೆ ದೇವರು ಒಯ್ದನೆಂದು ಜಪಾನಿನ ಹಳ್ಳಿಗರು ಹೇಳುತ್ತಿದ್ದ ಮಾತು. ಕೆಂಪಾಚಾರಿಯ ಕಥೆಗೆ ಇದಕ್ಕಿಂತ ಒಪ್ಪುವ ಶೀರ್ಷಿಕೆ ಯಾವುದು? ನಿಡಘಟ್ಟದ ಆ ಮನೆಯ ಮಟ್ಟಿಗೆ ಆದದ್ದೂ ಅದೇ. ಇಲ್ಲಿಯೇ ವಿಮರ್ಶೆಗೆ ಕಠಿಣವಾದ ಪ್ರಶ್ನೆ ಎದುರಾಗುತ್ತದೆ. ಯುಬಾಬಾ ಮಗುವನ್ನು ಹಿಡಿದಿಟ್ಟು ಹೆಸರು ಬದಲಿಸಿದಳು. ಮಂಟೇಸ್ವಾಮಿಯೂ ಮಗುವನ್ನು ಒಯ್ದು ಹೆಸರು ಬದಲಿಸಿದ. ಒಬ್ಬಳನ್ನು ಮಾಟಗಾತಿಯೆಂದೂ ಇನ್ನೊಬ್ಬನನ್ನು ಗುರುವೆಂದೂ ಕರೆಯಲು ಆಧಾರವೇನು? ಭಕ್ತಿಯಿಂದ ಇದಕ್ಕೆ ಉತ್ತರ ಹೇಳಿ ಮುಗಿಸುವುದು ಸುಲಭ. ಆದರೆ ಕಾವ್ಯ ತಾನೇ ಆ ಸೌಲಭ್ಯವನ್ನು ಬಳಸಿಕೊಂಡಿಲ್ಲ. ಹೆತ್ತವರ ಅಳಲನ್ನು ಅದು ಮುಚ್ಚಿಡದೆ ಹಾಡುತ್ತದೆ. ಗುರುವಿನ ಹಟ ಕ್ರೂರವಾಗಿ ಕಂಡರೆ ಕಾಣಲಿ ಎಂಬ ಧೈರ್ಯ ಅದಕ್ಕಿದೆ.

ಉತ್ತರದ ಒಂದು ತುದಿ ಚಿತ್ರದಲ್ಲಿಯೇ ಸಿಗುತ್ತದೆ. ಯುಬಾಬಾಳ ಹಿಡಿತ ನಿಂತಿರುವುದು ಹೆಸರನ್ನು ಬದಲಿಸಿದ್ದರಲ್ಲಿ ಅಲ್ಲ, ಮರೆಯಿಸುವುದರಲ್ಲಿ. ಹಾಕು ಎಂಬ ಬಾಲಕ ಇದನ್ನು ಸೆನ್‌ಗೆ ತಿಳಿಸುತ್ತಾನೆ. ತಾನು ತನ್ನ ಹೆಸರನ್ನು ಮರೆತು ದಾರಿಗಾಣದೆ ಉಳಿದವನೆಂದೂ ಹೇಳುತ್ತಾನೆ. ಅವಳ ಹಳೆಯ ಉಡುಪಿನಲ್ಲಿ ಸಿಕ್ಕಿದ, ಗೆಳತಿ ಬರೆದುಕೊಟ್ಟ ಬೀಳ್ಕೊಡುಗೆಯ ಚೀಟಿಯನ್ನು ಓದಿದಾಗಲೇ ತಾನು ಚಿಹಿರೊ ಎಂಬುದು ಅವಳಿಗೆ ನೆನಪಾಗುತ್ತದೆ. ಒಂದೇ ಇರುಳಿನಲ್ಲಿ ಅಷ್ಟರಮಟ್ಟಿಗೆ ಮರೆವು ಕವಿದಿತ್ತು. ಮಂಟೇಸ್ವಾಮಿಯ ಪರಂಪರೆಯಲ್ಲಿ ಇದಕ್ಕೆ ವಿರುದ್ಧವಾದುದು ನಡೆದಿದೆ. ಕಾವ್ಯದ ಭಾಗಗಳನ್ನು ‘ಸಾಲು’ಗಳೆಂದು ಕರೆಯುವ ನೀಲಗಾರರು ಕೆಂಪಾಚಾರಿಯ ಸಾಲನ್ನು ಹಾಡದೆ ಸಿದ್ದಪ್ಪಾಜಿಯ ಮಹಿಮೆಗೆ ಬರುವುದಿಲ್ಲ. ದೇವರಾದವನ ಪೂರ್ವನಾಮವನ್ನು ಅವನ ಒಕ್ಕಲೇ ವರ್ಷವರ್ಷವೂ ಗಟ್ಟಿಯಾಗಿ ಕೂಗುತ್ತದೆ. ಮಠಗಳಲ್ಲಿ ಪೂರ್ವಾಶ್ರಮವನ್ನು ಕೇಳಬಾರದೆಂಬ ಒಂದು ಮರ್ಯಾದೆಯಿದೆ. ಅದಕ್ಕೆ ಅದರದೇ ಕಾರಣಗಳಿವೆ. ನೀಲಗಾರನಿಗೆ ಆ ಮರ್ಯಾದೆ ಗೊತ್ತಿಲ್ಲವೆಂದು ನಗುವವರು ಅವನ ಹಾಡನ್ನು ಒಂದು ರಾತ್ರಿ ಕುಳಿತು ಕೇಳಬೇಕು.

ಚಿತ್ರದ ಅತ್ಯಂತ ಶ್ರೇಷ್ಠವಾದ ಭಾಗ ಹೆಸರಿಗೆ ನೇರವಾಗಿ ಸಂಬಂಧಿಸಿದ್ದಲ್ಲವೆಂದು ತೋರಿದರೂ ಈ ವಿಚಾರದ ಮರ್ಮ ಅಲ್ಲಿಯೇ ಇದೆ. ಮಳೆಯ ಇರುಳಿನಲ್ಲಿ ಕೆಸರಿನ ಗುಡ್ಡದಂತಹ ಅತಿಥಿಯೊಬ್ಬ ಮಜ್ಜನಶಾಲೆಗೆ ಬರುತ್ತಾನೆ. ಅವನ ನಾತಕ್ಕೆ ಅನ್ನ ಹಳಸುತ್ತದೆ, ಆಳುಗಳು ಮೂಗು ಮುಚ್ಚಿ ಓಡುತ್ತಾರೆ. ನಾರುವ ದೇವರೆಂದು ಎಲ್ಲರೂ ಅವನಿಗೆ ಹೆಸರಿಟ್ಟುಬಿಡುತ್ತಾರೆ. ಅವನ ಸೇವೆ ಹೊಸಬಳಾದ ಸೆನ್‌ಳ ಪಾಲಿಗೆ ಬೀಳುತ್ತದೆ. ಅವಳು ಆ ಕೆಸರಿನೊಳಗೆ ಇಳಿದು, ಅವನ ಪಕ್ಕೆಯಲ್ಲಿ ನೆಟ್ಟಿರುವ ಮುಳ್ಳಿನಂತಹದೊಂದನ್ನು ಕಂಡು, ಹಗ್ಗ ಬಿಗಿಯುತ್ತಾಳೆ. ಎಳೆದಾಗ ಬರುವುದು ಸೈಕಲ್ಲು. ಅದರ ಹಿಂದೆ ಮನುಷ್ಯರು ಹೊಳೆಗೆ ಎಸೆದ ಕಸದ ರಾಶಿಯೆಲ್ಲ. ಹಗುರಾದ ಅತಿಥಿ ನಕ್ಕು ಹಾರಿಹೋಗುತ್ತಾನೆ. ಅವನೊಬ್ಬ ಮಹಾನದಿಯ ದೇವತೆ.

ಮಂಟೇಸ್ವಾಮಿ ಕಾವ್ಯದ ಕಲ್ಯಾಣದ ಸಾಲನ್ನು ಬಲ್ಲವರಿಗೆ ಇದು ರೋಮಾಂಚಕರವಾದ ಸಾದೃಶ್ಯ. ಕುಷ್ಠರೋಗಿಯ ರೂಪದಲ್ಲಿ ಕಲ್ಯಾಣದ ಬಾಗಿಲಿಗೆ ಬಂದ ಮಂಟೇಸ್ವಾಮಿಯನ್ನು ಶರಣರೆಂಬ ಹೆಸರು ಹೊತ್ತವರು ಒಳಗೆ ಬಿಡುವುದಿಲ್ಲ. ಅವನು ತಿಪ್ಪೆಯಲ್ಲಿ ಬಿದ್ದಿರುತ್ತಾನೆ. ಹುಡುಕಿಕೊಂಡು ಬರುವವನು ಬಸವಣ್ಣ. ಜಂಗಮರ ಲಕ್ಷಸಂಖ್ಯೆಯೆಲ್ಲ ಅಲ್ಲಿ ಬರಿಯ ಲಾಂಛನವಾಗಿ ಉಳಿದುಹೋಗುತ್ತದೆ. ಈ ಭಾಗ ವೀರಶೈವ ವಿದ್ವಾಂಸರಲ್ಲಿ ಕೆಲವರಿಗೆ ಮುಜುಗರ ತಂದಿದೆ. ಕಲ್ಯಾಣದ ನಿಂದೆಯೆಂದು ಅದನ್ನು ದೂರ ಇಟ್ಟವರೂ ಉಂಟು. ಅದು ಸರಿಯಲ್ಲ. ಹೆಸರಿಗೂ ಹುರುಳಿಗೂ ಅಂತರ ಬಿದ್ದಾಗ ಹೆಸರನ್ನು ಪರೀಕ್ಷೆಗೊಡ್ಡುವ ಹಕ್ಕು ತಿಪ್ಪೆಯ ಮೇಲಿರುವವನಿಗೆ ಉಂಟೆಂಬುದು ಶರಣಧರ್ಮದ ಒಳಗಿನಿಂದಲೇ ಹುಟ್ಟಿದ ಮಾತು. ಮಂಟೇಸ್ವಾಮಿಯನ್ನು ಅಲ್ಲಮಪ್ರಭುವೇ ಎಂದು ನೀಲಗಾರರು ನಂಬುವುದರ ಹಿಂದೆಯೂ ಇದೇ ತಿಳಿವಿದೆ. ಕಾವ್ಯದಲ್ಲಿಯೂ ಚಿತ್ರದಲ್ಲಿಯೂ ಬಾಗಿಲು ಕಾಯುವವರು ಮೂಗಿನಿಂದ ಹೆಸರಿಡುತ್ತಾರೆ. ಸೇವೆಗೆ ಇಳಿದವರಿಗೆ ಮಾತ್ರ ನಿಜವಾದ ಹೆಸರು ತಿಳಿಯುತ್ತದೆ. ತನ್ನ ಹೆಸರನ್ನು ಕಳೆದುಕೊಂಡ ಮಗುವೇ ಮತ್ತೊಬ್ಬರ ಮೇಲೆ ಹೇರಿದ ಹೆಸರನ್ನು ತೊಳೆಯಿತೆಂಬಲ್ಲಿ ಮಿಯಾಝಾಕಿಯವರ ಪ್ರತಿಭೆ ತುತ್ತತುದಿಯನ್ನು ಮುಟ್ಟಿದೆ.

ಅದೇ ಎತ್ತರದಲ್ಲಿ ಚಿತ್ರ ಕೊನೆಯವರೆಗೂ ನಿಲ್ಲುವುದಿಲ್ಲ. ಹೊನ್ನು ಚೆಲ್ಲಿ ಸ್ನೇಹ ಕೊಳ್ಳಬಯಸುವ, ನುಂಗಿದವರ ದನಿಯಲ್ಲಿ ಮಾತಾಡುವ ‘ಕವೊನಾಶಿ’ ಎಂಬ ಮುಖವಿಲ್ಲದ ಪಾತ್ರ ಒಳ್ಳೆಯ ಕಲ್ಪನೆ. ಹೆಸರು ಕಳೆದವರ ನಡುವೆ ಹೆಸರೇ ಇಲ್ಲದವನನ್ನು ತಂದು ನಿಲ್ಲಿಸಿದ್ದು ಉಚಿತವಾಗಿದೆ. ಆದರೆ ಹಾಕುವಿಗೆ ಹೆಸರು ಮರಳಿ ಬರುವ ಪ್ರಸಂಗದಲ್ಲಿ ಕೃತಿ ತನ್ನ ತೊಡಕನ್ನು ತೀರ ಸುಲಭವಾಗಿ ಬಿಡಿಸಿಕೊಂಡಿದೆ. ಬಾಲ್ಯದಲ್ಲಿ ತಾನೊಂದು ಹೊಳೆಗೆ ಬಿದ್ದಿದ್ದೆನೆಂದು ತಾಯಿ ಹೇಳಿದ್ದು ಚಿಹಿರೊಗೆ ನೆನಪಾಗುತ್ತದೆ. ಆ ಹೊಳೆಯ ಹೆಸರು ಕೊಹಾಕು. ಹಾಕು ಆ ಹೊಳೆಯ ದೇವತೆ. ನೆನಪು ಹೀಗೆ ಕಾಲಕ್ಕೆ ಸರಿಯಾಗಿ ಒದಗಿಬರುವುದು ಕಥೆಗಾರನ ಕೃಪೆ. ಸಿದ್ದಪ್ಪಾಜಿಯ ಕಥೆಯಲ್ಲಿ ಇಂತಹ ಕೃಪೆಯಿಲ್ಲ.

ಆದರೂ ಆ ಪ್ರಸಂಗದಲ್ಲಿ ಒಂದು ಮಾತು ಮನಸ್ಸಿನಲ್ಲಿ ನಿಲ್ಲುತ್ತದೆ. ಕೊಹಾಕು ಹೊಳೆ ಈಗ ಇಲ್ಲ. ಅದನ್ನು ಮುಚ್ಚಿ ಮೇಲೆ ವಸತಿಕಟ್ಟಡಗಳನ್ನು ಎಬ್ಬಿಸಲಾಗಿದೆ. ಹೊಳೆಯೇ ಇಲ್ಲದ ಮೇಲೆ ಹೊಳೆಯ ಹೆಸರು ಯಾರದು? ಮಂಡ್ಯ ಸೀಮೆಯವರಿಗೆ ಈ ಪ್ರಶ್ನೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. 1911ರಲ್ಲಿ ಆರಂಭವಾದ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಕನ್ನಂಬಾಡಿ ಗ್ರಾಮ ಮುಳುಗಿತು. ಜಲಾಶಯಕ್ಕೆ ಕೃಷ್ಣರಾಜಸಾಗರವೆಂದು ಹೆಸರಾಯಿತು. ಆದರೆ ರೈತನ ಬಾಯಲ್ಲಿ ಅದು ಇಂದಿಗೂ ಕನ್ನಂಬಾಡಿ ಕಟ್ಟೆ. ಊರನ್ನು ಮುಳುಗಿಸಿದ ಕಟ್ಟೆಯೇ ಊರಿನ ಹೆಸರನ್ನು ಹೊತ್ತು ನಿಂತಿದೆ. ಅಲ್ಲಿಂದ ಹೊರಟ ಇರ್ವಿನ್ ನಾಲೆ ಮುಂದೆ ವಿಶ್ವೇಶ್ವರಯ್ಯ ನಾಲೆಯಾಯಿತು. ಆ ಬದಲಾವಣೆಗೆ ಯಾರೂ ಕಣ್ಣೀರಿಡಲಿಲ್ಲ. ಜನರು ಬಾಳಿದ ಊರಿನ ಹೆಸರಿಗೂ ಆಳುವವರು ಮೆತ್ತಿದ ಹೆಸರಿಗೂ ಇರುವ ಭೇದವಿದು. ಕಂದಾಯದ ಕಡತಗಳಲ್ಲಿ ‘ಬೇಚಿರಾಕ್’ ಎಂದು ನಮೂದಾದ, ದೀಪ ಹಚ್ಚುವವರಿಲ್ಲದ ಗ್ರಾಮಗಳು ಎಷ್ಟಿಲ್ಲ? ಮನೆಯಿಲ್ಲ, ಒಕ್ಕಲಿಲ್ಲ, ಹೆಸರು ಮಾತ್ರ ಎಲ್ಲೆಕಲ್ಲುಗಳ ನಡುವೆ ಉಳಿದಿದೆ. ಹಾಕುವಿನ ಅವಸ್ಥೆಗೆ ಇದು ತಿರುವುಮುರುವು: ಅಲ್ಲಿ ಹೊಳೆ ಹೋದ ಮೇಲೆ ಹೆಸರೂ ಅವನನ್ನು ತೊರೆದಿತ್ತು.

ಕೆಂಪಾಚಾರಿಯ ಕಥೆಯ ತಿರುಳಿರುವುದು ಹಲಗೂರಿನಲ್ಲಿ. ಹೊಸ ಹೆಸರು ಪಡೆದ ಶಿಷ್ಯನನ್ನು ಮಂಟೇಸ್ವಾಮಿ ಕಳುಹಿಸುವುದು ಬೇರೆಲ್ಲಿಗೂ ಅಲ್ಲ, ಹಲಗೂರಿನ ಪಾಂಚಾಳರ ಕೇರಿಗೆ. ತರಹೇಳುವುದು ಬೇರೇನನ್ನೂ ಅಲ್ಲ, ಕಬ್ಬಿಣವನ್ನು. ಕುಲುಮೆಯ ಮನೆಯಲ್ಲಿ ಹುಟ್ಟಿ, ಬಯಸಿದ್ದರೆ ಕಬ್ಬಿಣದ ನಡುವೆಯೇ ಬಾಳಬಹುದಾಗಿದ್ದವನು ತನ್ನ ಕುಲದವರ ಬಾಗಿಲಲ್ಲಿಯೇ ಕಬ್ಬಿಣದ ಭಿಕ್ಷೆಗೆ ಕೈಯೊಡ್ಡಬೇಕು. ಪಾಂಚಾಳರು ಅವನನ್ನು ಹೀಯಾಳಿಸುತ್ತಾರೆ. ವಿಷ, ಬೆಂಕಿ, ಕಬ್ಬಿಣದ ಹೊರೆ ಎಂದು ಪಾಠದಿಂದ ಪಾಠಕ್ಕೆ ಬೇರೆಯಾಗುವ ಪರೀಕ್ಷೆಗಳನ್ನೊಡ್ಡುತ್ತಾರೆ. ಅವನು ಎಲ್ಲವನ್ನೂ ಗೆಲ್ಲುತ್ತಾನೆ. ಪವಾಡದ ಭಾಗ ಜನಪದಕ್ಕೆ ಸಹಜ, ಅದನ್ನು ವಿಸ್ತರಿಸಬೇಕಾಗಿಲ್ಲ. ಗಮನಿಸಬೇಕಾದುದು ಗುರುವಿನ ಯೋಜನೆಯನ್ನು. ಹೆಸರು ಬದಲಿಸಿದ ಮಾತ್ರಕ್ಕೆ ಪೂರ್ವಾಶ್ರಯ ಕಳೆಯದೆಂದು ಅವನು ಬಲ್ಲ. ಆದಕಾರಣ ಶಿಷ್ಯನನ್ನು ಪೂರ್ವಾಶ್ರಯದ ನಟ್ಟನಡುವೆಯೇ ನಿಲ್ಲಿಸುತ್ತಾನೆ. ಯುಬಾಬಾ ಎಂದಾದರೂ ಸೆನ್‌ಳನ್ನು ಅವಳ ಹಳೆಯ ಮನೆಯ ಬಾಗಿಲಿಗೆ ಕಳುಹಿಸುತ್ತಿದ್ದಳೇ? ಕಸಿದ ಹೆಸರನ್ನು ಬಚ್ಚಿಡಬೇಕು. ಕೊಟ್ಟ ಹೆಸರನ್ನು ನಾಲ್ವರ ಮುಂದೆ ಒರೆಗೆ ಹಚ್ಚಬೇಕು. ಮಾಟಗಾತಿಗೂ ಗುರುವಿಗೂ ಇರುವ ಭೇದವನ್ನು ಇಲ್ಲಿ ಅಲ್ಲದೆ ಬೇರೆಲ್ಲಿಯೂ ಹುಡುಕುವಂತಿಲ್ಲ. ಹೆತ್ತವರ ಕಣ್ಣೀರಿಗೆ ಇದರಿಂದ ಪರಿಹಾರ ದೊರೆಯಿತೆಂದು ಕಾವ್ಯವೂ ಹೇಳುವುದಿಲ್ಲ.

ಚಿತ್ರದ ಕೊನೆಯ ಪರೀಕ್ಷೆಯಲ್ಲಿ ಹೆಸರಿನ ಮಾತೇ ಇಲ್ಲದಿರುವುದು ವಿಶೇಷ. ಯುಬಾಬಾ ಹಂದಿಗಳನ್ನು ಸಾಲಾಗಿ ನಿಲ್ಲಿಸಿ, ಇವುಗಳಲ್ಲಿ ನಿನ್ನ ತಂದೆತಾಯಿಗಳು ಯಾರೆಂದು ಕೇಳುತ್ತಾಳೆ. ಚಿಹಿರೊ ನಿಟ್ಟಿಸಿ ನೋಡಿ, ಇಲ್ಲಿ ಅವರಿಲ್ಲ ಎನ್ನುತ್ತಾಳೆ. ಅದು ಸರಿಯುತ್ತರ, ಯುಬಾಬಾಳ ಕೈಯಲ್ಲಿದ್ದ ಕರಾರುಪತ್ರ ಚೂರಾಗುತ್ತದೆ. ಹೆಸರೂ ರೂಪವೂ ಎರಡೂ ಸುಳ್ಳಾದ ಕಡೆ ಮಗುವಿನ ಅರಿವು ತಪ್ಪಲಿಲ್ಲ. ಇಡೀ ಚಿತ್ರ ಹೆಸರಿನ ಮಹಿಮೆಯನ್ನು ಸಾರುತ್ತ ಬಂದು, ಕಟ್ಟಕಡೆಯಲ್ಲಿ ಹೆಸರಿಲ್ಲದೆಯೂ ಗುರುತಿಸಬಲ್ಲ ಅರಿವಿಗೆ ಗೆಲುವನ್ನು ಕೊಟ್ಟಿದೆ. ಸುರಂಗದ ಬಳಿ ಕಾಯುತ್ತಿರುವ ತಂದೆತಾಯಿಗಳಿಗೆ ನಡೆದದ್ದೊಂದೂ ತಿಳಿಯದು; ಅವರು ಎಂದಿನಂತೆ ಚಿಹಿರೊ ಎಂದು ಕೂಗುತ್ತಾರೆ. ಸೆನ್ ಎಂಬ ಹೆಸರಿನ ಸಾಕ್ಷಿಯಾಗಿ ಅವಳ ತುರುಬಿನಲ್ಲಿ ಆ ಲೋಕದ ಗೆಳೆಯರು ನೂಲಿನಲ್ಲಿ ಹೆಣೆದುಕೊಟ್ಟ ಪಟ್ಟಿಯೊಂದು ಉಳಿದಿರುತ್ತದೆ. ಅವಳು ದುಡಿದದ್ದು, ಕೆಸರಿಗೆ ಇಳಿದದ್ದು, ನದಿಯೊಂದನ್ನು ತೊಳೆದದ್ದು ಎಲ್ಲವೂ ಆ ಇನ್ನೊಂದು ಹೆಸರಿನಲ್ಲಿಯೇ. ಹಲಗೂರಿನ ಪಾಂಚಾಳರಿಗೆ ಸಿದ್ದಪ್ಪಾಜಿಯ ಮುಖದಲ್ಲಿ ತಮ್ಮ ಕೆಂಪಾಚಾರಿ ಕಾಣಲಿಲ್ಲ. ಬನದ ಹುಣ್ಣಿಮೆ ಸಮೀಪಿಸಿದಾಗ ಚಿಕ್ಕಲ್ಲೂರಿನ ದಾರಿ ಹಿಡಿಯುವ ಪೂರಿಗಾಲಿ ಸೀಮೆಯ ಒಕ್ಕಲಿಗೆ ಮಾತ್ರ ಎರಡು ಹೆಸರೂ ಬಾಯಿಪಾಠ.